ಓದುಗರ ಪ್ರಶ್ನೆ: ಜಿಮ್ ಕ್ರೈಟನ್‌ನ ಮಣಿಕಟ್ಟು

ಪ್ರಶ್ನೆ: ಹೋಮ್ ರನ್ (ನಾಲ್ಕೂ ಬೇಸ್ ಸುತ್ತಿ ಬರಲು ಸಾಕಾಗುವ ದೊಡ್ಡ ಹೊಡೆತ) ಹೊಡೆದ ರಭಸಕ್ಕೆ ಹೊಟ್ಟೆಯೊಳಗೆ ಹರಿದು ಸತ್ತ ಬೇಸ್‌ಬಾಲ್ ಆಟಗಾರ ಜಿಮ್ ಕ್ರೈಟನ್ ಎಂದು ಓದಿದೆ. ನಿಜವೇ? ಆತನ ಎಸೆತ ಮೋಸದ್ದು ಎನ್ನುವುದು?
— ಓದುಗರು, ದಾವಣಗೆರೆ

ಉತ್ತರ: ಎಸೆತದ ಮಾತೇ ಮೊದಲಿಗೆ. ಆಗ, ಅಂದರೆ 1860ರ ಸುಮಾರಿಗೆ, ಪಿಚರ್ (ದಾಂಡಿಗನಿಗೆ ಚೆಂಡೆಸೆಯುವವ) 45 ಅಡಿ ದೂರದಿಂದ, ಕೈಯನ್ನು ಕೆಳಗಿನಿಂದ ಲೋಲಕದಂತೆ ಬೀಸಿ ಚೆಂಡು ಬಿಡಬೇಕಿತ್ತು. ನಮ್ಮ ಕ್ರಿಕೆಟ್ ಪಿಚ್ 66 ಅಡಿ, ನೆನಪಿರಲಿ. ತೋಳು ಮೈಗೆ ತಾಗಿದರೆ 'ಜರ್ಕ್', ಮೊಣಕೈ ಮಡಿಸಿದರೆ 'ಥ್ರೋ', ಎರಡೂ ನಿಷಿದ್ಧ. ದಾಂಡಿಗನಿಗೆ ಹೊಡೆಯಲು ಸಿಗುವಂಥ ಚೆಂಡು ಕೊಡುವುದಷ್ಟೇ ಪಿಚರ್‌ನ ಕೆಲಸ ಎಂದು ಎಲ್ಲರೂ ತಿಳಿದಿದ್ದರು.

ಕ್ರೈಟನ್ ತೋಳನ್ನು ನೇರವಾಗಿಯೇ ಇಟ್ಟು, ಚೆಂಡು ಬಿಡುವ ಕ್ಷಣದಲ್ಲಿ ಮಣಿಕಟ್ಟನ್ನು ಚಿಮ್ಮಿಸುತ್ತಿದ್ದ. ಕಣ್ಣಿಗೆ ಬೀಳದಷ್ಟು ಸಣ್ಣ ಚಿಮ್ಮು. ನೆಲದ ಹತ್ತಿರ ಹೊರಟ ಚೆಂಡು ಮೇಲೇರುತ್ತ ಬರುತ್ತಿತ್ತು; ನಡುನಡುವೆ ತೀರಾ ನಿಧಾನದ್ದೊಂದು. ಮಣಿಕಟ್ಟು ಬಳಸಬಾರದೆಂಬ ಅಂದಿನ ಕಟ್ಟುನಿಟ್ಟಿನ ಅರ್ಥ ಹಿಡಿದರೆ ತಪ್ಪೇ. ಆದರೆ ಅಂಪೈರ್ ಹಿಡಿಯುವುದು ಹೇಗೆ?

ತೊಂದರೆ ತಂದವರು ಆತನನ್ನು ಅನುಕರಿಸಿದವರು. ಅವರಿಗೆ ವೇಗ ಬಂತು, ಹಿಡಿತ ಬರಲಿಲ್ಲ. ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು, ದಾಂಡಿಗ ಬೀಸದೆ ಕಾಯುತ್ತಿದ್ದ, ಆಟ ಎಳೆಯುತ್ತಿತ್ತು. ಕ್ರೈಟನ್ ಸತ್ತ ಎರಡು ವರ್ಷದೊಳಗೆ ಕೆಟ್ಟ ಎಸೆತಗಳನ್ನು 'ಬಾಲ್' ಎಂದು ಎಣಿಸುವ ನಿಯಮ ಬಂದದ್ದಕ್ಕೆ ಇದೂ ಒಂದು ಕಾರಣ.

1841ರಲ್ಲಿ ಹುಟ್ಟಿದ ಆತ 1859ರಲ್ಲಿ ಬ್ರೂಕ್ಲಿನ್‌ನ ನಯಾಗರ, ಸ್ಟಾರ್ ಕ್ಲಬ್‌ಗಳಿಗೆ ಆಡಿ, 1860ರಲ್ಲಿ ಎಕ್ಸೆಲ್ಸಿಯರ್ ಸೇರಿದ. ಆಗ ಹಣಕ್ಕೆ ಆಡುವಂತಿರಲಿಲ್ಲ. ಆತನಿಗೆ ಗುಟ್ಟಾಗಿ ಕೊಡುತ್ತಿದ್ದರು ಎನ್ನುತ್ತಾರೆ. ಅದೇ ವರ್ಷ ನವೆಂಬರ್ 8ರಂದು ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನವರನ್ನು ಬೇಸ್‌ಬಾಲ್‌ನಲ್ಲಿ ಒಂದೂ ರನ್ ಕೊಡದೆ ಸೋಲಿಸಿದ. ಹತ್ತಾರು ರನ್ ಸಾಮಾನ್ಯವಾಗಿದ್ದ ಕಾಲದ ಸಂಗತಿ ಇದು.

ಇನ್ನು ಸಾವು. 1862ರ ಅಕ್ಟೋಬರ್ 14ರಂದು ನ್ಯೂಯಾರ್ಕ್ ಬಳಿಯ ಮಾರಿಸೇನಿಯಾದ ಯೂನಿಯನ್ ಕ್ಲಬ್ ವಿರುದ್ಧ ಆಡಿದ. 18ರಂದು ತೀರಿಕೊಂಡ, ವಯಸ್ಸು 21. ಹೋಮ್ ರನ್ ಕಥೆ ಹಬ್ಬಿದ್ದು ಈ ಪಂದ್ಯದಿಂದ. ಎಕ್ಸೆಲ್ಸಿಯರ್ ಕ್ಲಬ್ಬಿನ ಅಧ್ಯಕ್ಷರು ಮಾತ್ರ ಪೆಟ್ಟಾದದ್ದು ಕ್ರಿಕೆಟ್ ಪಂದ್ಯದಲ್ಲಿ ಎಂದರು. ಆತ ಒಳ್ಳೆಯ ಕ್ರಿಕೆಟಿಗನೂ ಹೌದು. ಆದರೆ ತಮ್ಮ ಬೇಸ್‌ಬಾಲ್ ಆಟದ ಮೇಲೆ ಅಪವಾದ ಬಾರದಿರಲೆಂದೂ ಅವರು ಹಾಗೆ ಹೇಳಿರಬಹುದು. ಮೊದಲೇ ಇದ್ದ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ರಕ್ತ ಹರಿಯುವುದು ನಿಂತಿರಬೇಕು ಎಂಬುದು ಈಚಿನವರ ಊಹೆ. ಒಂದೇ ಹೊಡೆತಕ್ಕೆ ಹೊಟ್ಟೆ ಹರಿಯಿತು ಎನ್ನುವುದಕ್ಕಿಂತ ಇದು ನಂಬುವಂತಿದೆ.