ಏರ್‌ಲೂಮ್ ಟೊಮೆಟೊ ನಿಜವಾಗಲೂ ರುಚಿನಾ, ಸುಮ್ನೆ ದುಬಾರಿನಾ?

ಅಮೆರಿಕಕ್ಕೆ ಹೊಸಬರು ನೀವು. ಅಂಗಡಿಯಲ್ಲಿ ಸೊಟ್ಟಪಟ್ಟ ಆಕಾರದ ಏರ್‌ಲೂಮ್ ಟೊಮೆಟೊಗೆ ಅಷ್ಟು ಬೆಲೆ ಯಾಕೆ, ರುಚಿ ಅಷ್ಟು ಬೇರೆಯಾ ಅಂತ ಕೇಳಿದ್ದೀರಿ. ಖಂಡಿತ ಬೇರೆ. ನ್ಯೂಜೆರ್ಸಿಯ ನಮ್ಮ ಹಿತ್ತಲಲ್ಲಿ ಪ್ರತಿ ಬೇಸಿಗೆ ಬ್ರಾಂಡಿವೈನ್, ಚೆರೋಕೀ ಪರ್ಪಲ್ ಅನ್ನುವ ಎರಡು ಏರ್‌ಲೂಮ್ ತಳಿಗಳನ್ನೂ ಬೆಳೆಯುತ್ತೇನೆ. ಆದರೆ ಚಳಿಗಾಲದಲ್ಲಿ ಒಂದು ಕೊಂಡು ತಿಂದು ತೀರ್ಮಾನಕ್ಕೆ ಬರಬೇಡಿ. ಆಗಸ್ಟ್‌ವರೆಗೆ ಕಾದು, ಬೆಳೆದವರೇ ಮಾರುವ ಸಂತೆಗೆ ಹೋಗಿ.

ಏರ್‌ಲೂಮ್ ಅಂದರೆ ನಮ್ಮ ನಾಟಿ ತಳಿ ಇದ್ದ ಹಾಗೆ. ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಅದೇ ಹಣ್ಣು ಬರುತ್ತದೆ. ಚೆರೋಕೀ ಪರ್ಪಲ್ ಉಳಿದದ್ದೂ ಹಾಗೆಯೇ: 1990ರಲ್ಲಿ ಟೆನ್ನೆಸ್ಸಿಯಿಂದ ಅಂಚೆಯಲ್ಲಿ ಬಂದ ಹೆಸರಿಲ್ಲದ ಬೀಜ ಅದು, ಕ್ರೇಗ್ ಲೆಹೂಲಿಯರ್ ಅನ್ನುವ ಟೊಮೆಟೊ ಬೆಳೆಗಾರರು ಅದನ್ನು ಬೆಳೆದು ಹೆಸರಿಟ್ಟು ಹಂಚಿದರು.

ಅಂಗಡಿಯ ಟೊಮೆಟೊ ಸಪ್ಪೆ ಯಾಕೆ ಅಂದರೆ, ಎಷ್ಟೋ ಸಲ ಅದು ಹಸಿರಿದ್ದಾಗಲೇ ಕಿತ್ತು, ಹಣ್ಣಾಗಿಸುವ ಎಥಿಲೀನ್ ಅನಿಲ ಹಾಯಿಸಿ ಕೆಂಪು ಮಾಡಿದ್ದು. ಇನ್ನೊಂದು ಕಾರಣವೂ ಇದೆ, ನನಗೆ ಇದೇ ಜಾಸ್ತಿ ಬೇಜಾರು. ಹಳೆಯ ತಳಿಗಳ ಕಾಯಿಗೆ ತೊಟ್ಟಿನ ಸುತ್ತ ಕಡು ಹಸಿರು ಇರುತ್ತದಲ್ಲ, ಅದು ಬೇಡ, ಹಣ್ಣು ಎಲ್ಲ ಕಡೆ ಒಂದೇ ಸಮ ಕೆಂಪಾಗಲಿ ಅಂತ ಹೊಸ ತಳಿ ಮಾಡುವವರು ಸುಮಾರು 70 ವರ್ಷ ಅಂಥವನ್ನೇ ಆರಿಸುತ್ತಾ ಬಂದರು. ಆ ಹಸಿರಿನ ಜೀನ್ ಕಾಯಿಯಲ್ಲೇ ಸಕ್ಕರೆ ತಯಾರಾಗಲು ನೆರವಾಗುತ್ತಿತ್ತು ಅಂತ 2012ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು. ಚೆಂದ ನೋಡಿ ಸಿಹಿ ಬಿಟ್ಟರು.

ಹಾಗಂತ ಹೈಬ್ರಿಡ್ ಎಲ್ಲಾ ಸಪ್ಪೆ ಅನ್ನುವುದು ತಪ್ಪು. ಸನ್‌ಗೋಲ್ಡ್ ಅನ್ನುವ ಪುಟ್ಟ ಚೆರ್ರಿ ಟೊಮೆಟೊ ಹೈಬ್ರಿಡ್ಡೇ, ದ್ರಾಕ್ಷಿ ಥರ ತಿನ್ನಬಹುದು. ಬೆಲೆಗೆ ಕಾರಣ ಸರಳ: ಈ ಹಳೆಯ ತಳಿಗಳಲ್ಲಿ ಫಸಲು ಕಡಿಮೆ, ಸಿಪ್ಪೆ ತೆಳು, ಮಳೆ ಬಂದರೆ ಬಿರಿಯುತ್ತವೆ, ಲಾರಿ ಪ್ರಯಾಣ ತಡೆಯುವುದಿಲ್ಲ.

ಬ್ರಾಂಡಿವೈನ್ ಸಿಕ್ಕರೆ ದಯವಿಟ್ಟು ಫ್ರಿಜ್‌ಗೆ ಹಾಕಬೇಡಿ, ತಣ್ಣಗಾದರೆ ಪರಿಮಳ ಹೋಗುತ್ತದೆ. ದಪ್ಪ ಬಿಲ್ಲೆ ಹೆಚ್ಚಿ, ಉಪ್ಪು, ಚೂರು ಕಾಳುಮೆಣಸಿನ ಪುಡಿ ಉದುರಿಸಿ ಐದು ನಿಮಿಷ ಬಿಡಿ. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ನಾಲಿಗೆ ಮೇಲೆ ಸಾರಿನಂಥ ಒಂದು ಗಾಢ ರುಚಿ ನಿಲ್ಲುತ್ತದೆ. ಚೆರೋಕೀಯಲ್ಲಿ ಸ್ವಲ್ಪ ಹೊಗೆಯ ವಾಸನೆಯೂ ಇದೆ ಅನ್ನಿಸುತ್ತದೆ ನನಗೆ. ತಟ್ಟೆಯಲ್ಲಿ ಉಳಿದ ರಸಕ್ಕೆ ಬಿಸಿ ಅನ್ನ ಕಲಸಿ ನೋಡಿ. ಆದರೆ ಸಾರಿಗೆ ಮಾತ್ರ ಇದು ಬೇಡ. ಸಾರಿಗೆ ಊರಿನ ನಾಟಿ ಟೊಮೆಟೊ ಥರದ ಹುಳಿ ಬೇಕು, ಅಲ್ವಾ?

ಇಷ್ಟವಾದರೆ ಬೀಜವನ್ನು ರಸದ ಸಮೇತ ಲೋಟದಲ್ಲಿ 2–3 ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿಡಿ. ಮಾರ್ಚ್ ಕೊನೆಗೆ ಮನೆಯೊಳಗೇ ಕುಂಡದಲ್ಲಿ ಹಾಕಿದರೆ ಸಾಕು.