ನ್ಯಾಯಾಲಯದ ಮಧ್ಯಸ್ಥಿಕೆಗಾರರಿಗೆ ಈ ವೃತ್ತಿಯಲ್ಲಿ ಸಾರ್ಥಕತೆ ಸಿಗುವುದು ಯಾವುದರಿಂದ?

ಜಗಳವಾಡಿದವರೇ ಜಗಳ ಮುಗಿಸುವುದನ್ನು ಕಣ್ಣಾರೆ ಕಾಣುವುದರಿಂದ. ತೀರ್ಪು ಬಂದರೆ ಒಬ್ಬರು ಗೆಲ್ಲುತ್ತಾರೆ, ಇನ್ನೊಬ್ಬರು ಮೇಲ್ಮನವಿಗೆ ಹೊರಡುತ್ತಾರೆ. ಮಧ್ಯಸ್ಥಿಕೆಗಾರರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಅವರ ಬಲವೂ ಅದೇ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದಾಗ, ಇಲ್ಲಿ ಆಡಿದ ಮಾತು ಕೋರ್ಟಿಗೆ ಹೋಗುವುದಿಲ್ಲವೆಂಬ ಧೈರ್ಯದಿಂದ ಜನ ಮನಸ್ಸು ಬಿಚ್ಚುತ್ತಾರೆ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲೂ ಈ ಗೋಪ್ಯತೆಯನ್ನು ಕಾಯುವ ನಿಯಮವಿದೆ. ಆಸ್ತಿ ಪಾಲಿನ ವ್ಯಾಜ್ಯವೊಂದನ್ನು ಊಹಿಸಿಕೊಳ್ಳಿ: ಅಣ್ಣನಿಗೆ ಬೇಕಿದ್ದುದು ಅರ್ಧ ಎಕರೆಯಲ್ಲ, ತಾನು ದುಡಿದು ತಮ್ಮನನ್ನು ಓದಿಸಿದ್ದನ್ನು ಆ ತಮ್ಮನೇ ಬಾಯಿಬಿಟ್ಟು ಹೇಳಬೇಕು ಅಷ್ಟೇ. ಅಂಥ ಮಾತು ಯಾವ ದಾವೆಯ ಅರ್ಜಿಯಲ್ಲೂ ಇರುವುದಿಲ್ಲ. ಅದು ಹೊರಬಿದ್ದ ಮೇಲೆ ಪಾಲಿನ ಲೆಕ್ಕ ಎಷ್ಟೋ ಸುಲಭ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ 2007ರಿಂದ ತರಬೇತಿ ಪಡೆದ ವಕೀಲರು ಮಾಡುತ್ತಿರುವುದು ಇದನ್ನೇ.