ಆ್ಯಪ್ ಹಸಿರು ತೋರಿಸುತ್ತಿತ್ತು, ದೊಡ್ಡಮ್ಮ ಹಾಡು ನಿಲ್ಲಿಸಿದರು

ಗಿಟಾರ್ ಕಲಿಸುವ ಆ್ಯಪ್‌ಗೆ ವರ್ಷದ ಚಂದಾ ಸದ್ಯಕ್ಕೆ ಕಟ್ಟಬೇಡಿ. ಕೆಲಸ ಮುಗಿಯುವ ಹೊತ್ತಿಗೆ ಹಾಸನದಲ್ಲಿ ಗಿಟಾರ್ ಮೇಷ್ಟ್ರು ಯಾರೂ ಸಿಗುವುದಿಲ್ಲ, ಆರು ತಿಂಗಳ ಉಚಿತ ಪಾಠಗಳಲ್ಲಿ ನಾಲ್ಕು ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಕಲಿತಿದ್ದೇನೆ, ಇನ್ನು ಹಣ ಕೊಟ್ಟು ಯಾವ ಆ್ಯಪ್ ತೆಗೆದುಕೊಳ್ಳಲಿ ಎಂದು ಕೇಳಿದ್ದೀರಿ. ಐದು ವರ್ಷದ ಹಿಂದೆ ನಾನು ಇದೇ ಸ್ಥಿತಿಯಲ್ಲಿದ್ದೆ. ನನಗೂ ಬರುತ್ತಿದ್ದುದು ಅವೇ ನಾಲ್ಕು ಕಾರ್ಡ್: ಜಿ, ಇ ಮೈನರ್, ಸಿ, ಡಿ.

ನನ್ನದು ಚಿಕ್ಕಮಗಳೂರು. ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕೊಯ್ಲಿನ ತಿಂಗಳುಗಳಲ್ಲಿ ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತದೆ. ಆ ಹೊತ್ತಿನಲ್ಲಿ ಯಾರ ಮನೆಗೆ ಹೋಗಿ ಪಾಠ ಹೇಳಿಸಿಕೊಳ್ಳುವುದು? ಹಾಗಾಗಿ ಒಂದು ದೀಪಾವಳಿಯಲ್ಲಿ, ಬೋನಸ್ ಬಂದ ದಿನವೇ, ಮೊಬೈಲಿನಲ್ಲಿ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಪರದೆಯ ಬಲಬದಿಯಿಂದ ಕಾರ್ಡ್‌ಗಳು ಸಾಲಾಗಿ ತೇಲಿ ಬರುತ್ತವೆ, ನಡುವಿನ ಗೆರೆಗೆ ತಾಗುವಾಗ ನಾವು ತಂತಿ ಮೀಟಬೇಕು, ಮೊಬೈಲಿನ ಮೈಕ್ ಅದನ್ನು ಕೇಳಿ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ಎಂದು ತೋರಿಸುತ್ತದೆ. ಹಿಂದೆ ಡ್ರಮ್ಸ್ ಮತ್ತು ಬೇಸ್ ನುಡಿಯುತ್ತಿರುತ್ತವೆ. ಹದಿನಾಲ್ಕು ತಿಂಗಳು ಒಂದು ರಾತ್ರಿಯೂ ತಪ್ಪಿಸದೆ ನುಡಿಸಿದೆ. ಕೊನೆಕೊನೆಗೆ ನೂರಕ್ಕೆ ತೊಂಬತ್ತು ದಾಟಿದ ಅಂಕಗಳು ಬರುತ್ತಿದ್ದವು. ನನಗೆ ಗಿಟಾರ್ ಬರುತ್ತದೆ ಎಂದು ಪೂರ್ತಿಯಾಗಿ ನಂಬಿದ್ದೆ.

ಆ ಮಾಘದಲ್ಲಿ ಹಾಸನದಲ್ಲಿ ದೊಡ್ಡಪ್ಪನ ಅರವತ್ತರ ಶಾಂತಿ. ದೊಡ್ಡಮ್ಮ ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವರು, ಭಾವಗೀತೆ ತುಂಬಾ ಚೆನ್ನಾಗಿ ಹಾಡುತ್ತಾರೆ. ಊಟವಾದ ಮೇಲೆ ಒಂದು ಹಾಡು ಹಾಡುತ್ತೇನೆ, ನೀನು ಗಿಟಾರ್ ನುಡಿಸು ಎಂದು ವಾರದ ಮುಂಚೆಯೇ ಹೇಳಿದ್ದರು. ಅವರ ಶ್ರುತಿ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ, ಐದೂವರೆ ಮನೆ, ಅಂದರೆ ಜಿ ಶಾರ್ಪ್. ಗಿಟಾರಿನ ಕತ್ತಿನ ಮೊದಲ ಫ್ರೆಟ್‌ಗೆ (ಲೋಹದ ಅಡ್ಡಪಟ್ಟಿಗೆ) ಕೇಪೊ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಕಟ್ಟಿ ಜಿ ಆಕಾರದಲ್ಲಿ ಹಿಡಿದರೆ ಸರಿಹೊಂದುತ್ತದೆ. ಅದನ್ನೆಲ್ಲ ಸರಿಯಾಗಿಯೇ ಲೆಕ್ಕ ಹಾಕಿಕೊಂಡು ಹೋಗಿದ್ದೆ.

ಪಲ್ಲವಿಯ ಎರಡನೆಯ ಸಾಲಿಗೇ ನಾನು ಅವರಿಗಿಂತ ಮುಂದೆ ಹೋಗಿದ್ದೆ. ಅವರು ನಿಂತರು, ನಕ್ಕರು, ಮತ್ತೆ ಎತ್ತಿಕೊಂಡರು. ಮತ್ತೆ ಹಾಗೆಯೇ ಆಯಿತು. ಅವರ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಅದು ನನ್ನ ಕಣ್ಣೆದುರಿಗೇ ಇತ್ತು. ಆದರೆ ನನ್ನ ನೋಟ ಎದುರಿಗಿಟ್ಟುಕೊಂಡಿದ್ದ ಮೊಬೈಲಿನಲ್ಲಿ, ನಾನು ಬರೆದುಕೊಂಡಿದ್ದ ಕಾರ್ಡ್‌ಗಳ ಮೇಲೆ ನೆಟ್ಟಿತ್ತು. ಮೂರನೆಯ ಸಲ ಅವರು ಕೈ ಚಾಚಿ ಗಿಟಾರಿನ ತಂತಿಗಳ ಮೇಲೆ ಮೆಲ್ಲಗೆ ಅಂಗೈ ಇಟ್ಟರು. "ಬಿಡು ಮಗೂ, ನಾನು ಹಾಗೆಯೇ ಹಾಡುತ್ತೇನೆ" ಎಂದರು. ತಾಳ ಹಾಕಿಕೊಂಡು ಒಬ್ಬರೇ ಹಾಡಿದರು. ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಹಾಡು ಮುಗಿಯುವವರೆಗೆ ಕುಳಿತಿದ್ದೆ. ಯಾರೂ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಜನರೆದುರು ಹೆದರಿದೆ, ಅದಕ್ಕೇ ಹೀಗಾಯಿತು ಎಂದುಕೊಂಡೆ. ಚಂದಾ ಅದಾಗಲೇ ಎರಡನೆಯ ವರ್ಷಕ್ಕೆ ನವೀಕರಣವಾಗಿತ್ತು. ಇನ್ನೂ ಐದು ತಿಂಗಳು ಅದೇ ಆ್ಯಪ್‌ನಲ್ಲಿ ಅದೇ ರೀತಿ ನುಡಿಸಿದೆ.

ತಪ್ಪು ಎಲ್ಲಿದೆ ಎಂದು ಗೊತ್ತಾಗಿದ್ದು ಆಷಾಢದ ಮಳೆಯಲ್ಲಿ. ಮೂಡಿಗೆರೆ ಕಡೆಯ ನಮ್ಮ ಹಳ್ಳಿಮನೆಗೆ ಹೋಗಿದ್ದೆ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ವಿದ್ಯುತ್ ತಂತಿಯ ಮೇಲೆ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ, ನೆಟ್‌ವರ್ಕ್ ಕೂಡ ಇರಲಿಲ್ಲ. ಮೊಬೈಲಿನಲ್ಲಿ ಸ್ವಲ್ಪವೇ ಚಾರ್ಜ್ ಉಳಿದಿತ್ತು. ಆ್ಯಪ್ ತೆರೆಯುವಂತಿರಲಿಲ್ಲ. ಒಳಮನೆಯಲ್ಲಿ ಕುಳಿತು ಮೊಬೈಲಿನ ಧ್ವನಿಮುದ್ರಣ ಒತ್ತಿ, ಮರಿಗೆಯಂತೆ ಹೊಟ್ಟೆಯುಬ್ಬಿದ ಹಳೆಯ ಪೆಟ್ಟಿಗೆಯ ಮೇಲೆ ಅದನ್ನಿಟ್ಟು, ದೊಡ್ಡಮ್ಮನ ಹಾಡಿನ ಕಾರ್ಡ್‌ಗಳನ್ನು ಎರಡು ನಿಮಿಷ ನುಡಿಸಿದೆ. ಆಮೇಲೆ ಮೊಬೈಲನ್ನು ಕಿವಿಗೆ ಹಿಡಿದು ಕೇಳಿದೆ.

ಕೇಳಿಸಿದ್ದು ಹೀಗೆ. ಜಿ ಕಾರ್ಡ್: ಒಂದು, ಎರಡು, ಮೂರು. ನಾಲ್ಕನೆಯ ಹೊಡೆತ ಇರಬೇಕಾದ ಕಡೆ ಸ್ವರವೇ ಇಲ್ಲ, ಬೆರಳು ಬಿಟ್ಟ ತಂತಿಗಳ ಒಣ ಸದ್ದು ಮಾತ್ರ. ತಕ್ಷಣ, ಕೂದಲೆಳೆಯಷ್ಟು ಬೇಗ, ಸಿ ಕಾರ್ಡ್. ಮತ್ತೆ ಒಂದು, ಎರಡು, ಮೂರು, ಒಣ ಸದ್ದು. ಹಾಡಿನುದ್ದಕ್ಕೂ ಹೀಗೆಯೇ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನೀವೂ ಈಗ ಇದನ್ನೇ ಮಾಡುತ್ತಿರಬಹುದು ಎಂಬ ಭಯ ನನಗಿದೆ. ಪರದೆಯ ಮೇಲೆ ಮುಂದಿನ ಕಾರ್ಡ್ ಬರುವುದು ಎರಡು ಎಣಿಕೆ ಮೊದಲೇ ಕಾಣುತ್ತದೆ. ಕಂಡ ಕೂಡಲೇ ಎಡಗೈ ಹೊರಡಲು ಸಿದ್ಧವಾಗುತ್ತದೆ. ಗೆರೆಗೆ ತಾಗುವಾಗ ತಡವಾಗಬಾರದಲ್ಲ, ಅದಕ್ಕೆ ನಾಲ್ಕನೆಯ ಎಣಿಕೆಯಲ್ಲೇ ಹಿಂದಿನ ಕಾರ್ಡನ್ನು ಬಿಟ್ಟುಬಿಡುತ್ತದೆ. ನಾನು ಬಳಸುತ್ತಿದ್ದ ಆ್ಯಪ್ ನೋಡುತ್ತಿದ್ದುದು ಒಂದನ್ನೇ: ಗೆರೆಯ ಆಸುಪಾಸಿನಲ್ಲಿ ಆ ಕಾರ್ಡಿನ ಸ್ವರಗಳು ಮೊಳಗಿದವೇ? ಮೊಳಗಿದರೆ ಹಸಿರು. ಹಿಂದಿನ ಕಾರ್ಡನ್ನು ನಾಲ್ಕೂ ಎಣಿಕೆ ಹಿಡಿದಿದ್ದೆನೇ ಎಂದು ಅದು ಕೇಳುತ್ತಲೇ ಇರಲಿಲ್ಲ. ಸ್ವಲ್ಪ ಬೇಗ ನುಡಿಸಿದರೂ ಒಪ್ಪಿಕೊಳ್ಳುತ್ತಿತ್ತು. ಹಿನ್ನೆಲೆಯ ಡ್ರಮ್ಸ್ ನನ್ನನ್ನು ಪ್ರತಿ ಸಲವೂ ಹಿಂದಕ್ಕೆಳೆದು ಜಾಗದಲ್ಲಿ ಕೂರಿಸುತ್ತಿದ್ದುದರಿಂದ ನನಗೂ ಗೊತ್ತಾಗುತ್ತಿರಲಿಲ್ಲ.

ಡ್ರಮ್ಸ್ ತೆಗೆದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ನಾಲ್ಕು ಎಣಿಕೆಯ ಪ್ರತಿ ಆವರ್ತದಲ್ಲಿ ಕಾಲು ಎಣಿಕೆ ಕಡಿಮೆಯಾದರೆ ಹದಿನಾರು ಆವರ್ತಕ್ಕೆ ನಾಲ್ಕು ಎಣಿಕೆ, ಅಂದರೆ ಇಡೀ ಒಂದು ಆವರ್ತ ಮುಂದೆ ಹೋಗಿರುತ್ತೇನೆ. ದೊಡ್ಡಮ್ಮ ಸಾಲಿನ ಕೊನೆಯ ಅಕ್ಷರವನ್ನು ಎಳೆದು ನಿಲ್ಲಿಸುವವರು. ಅವರು ಇನ್ನೂ ಅಲ್ಲಿ ನಿಂತಿರುವಾಗಲೇ ನಾನು ಮುಂದಿನ ಸಾಲಿನ ಕಾರ್ಡ್ ಬಾರಿಸುತ್ತಿದ್ದೆ. ಇದು ಹೆದರಿಕೆಯಿಂದ ಆದದ್ದಲ್ಲ. ಹದಿನಾಲ್ಕು ತಿಂಗಳು ರಾತ್ರಿ ರಾತ್ರಿ ಅಭ್ಯಾಸ ಮಾಡಿ ಗಟ್ಟಿ ಮಾಡಿಕೊಂಡ ತಪ್ಪು. ಮೊದಲ ವಾರದಲ್ಲೇ ಒಮ್ಮೆ ಧ್ವನಿಮುದ್ರಣ ಮಾಡಿ ಕೇಳಿದ್ದರೆ ಅಂದೇ ತಿದ್ದಿಕೊಳ್ಳಬಹುದಿತ್ತು. ಆ ಸೌಲಭ್ಯ ಮೊಬೈಲಿನಲ್ಲಿ ಮೊದಲಿನಿಂದಲೂ ಇತ್ತು, ಅದಕ್ಕೆ ಒಂದು ರೂಪಾಯಿಯೂ ಬೇಕಿರಲಿಲ್ಲ. ತಿದ್ದಿಕೊಳ್ಳಲು ನನಗೆ ಮುಂದೆ ಏಳು ತಿಂಗಳು ಹಿಡಿಯಿತು. ಕೈಗೆ ಕೂತುಬಿಟ್ಟ ಅಭ್ಯಾಸವನ್ನು ಬಿಡಿಸುವುದು ಹೊಸದನ್ನು ಕಲಿಯುವುದಕ್ಕಿಂತ ಎಷ್ಟು ಕಷ್ಟ ಎಂದು ಆಗಲೇ ತಿಳಿದದ್ದು.

ಬಿಡಿಸಿದ್ದು ದೊಡ್ಡಮ್ಮನೇ, ಫೋನಿನಲ್ಲಿ. ಗಿಟಾರ್ ಅವರಿಗೆ ಗೊತ್ತಿಲ್ಲ. "ಮೊದಲು ಗಿಟಾರ್ ಕೆಳಗಿಡು, ತಾಳ ಹಾಕಿಕೊಂಡು ಬಾಯಲ್ಲಿ ಹಾಡು, ತಾಳ ಬಿಡದೆ ಬಂದರೆ ಆಮೇಲೆ ನುಡಿಸು" ಎಂದರು. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಮಕ್ಕಳಿಗೆ ಮೂರು ಕಾಲದಲ್ಲಿ ಹೇಳಿಕೊಡುವುದು ನಿಮಗೆ ಗೊತ್ತಿರಬಹುದು. ಕೈಯ ತಾಳ ಬದಲಾಗುವುದಿಲ್ಲ, ಒಂದು ಎಣಿಕೆಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ನಾನು ಅದನ್ನೇ ಗಿಟಾರಿಗೆ ತಂದೆ. ಸಮನಾಗಿ ಟಿಕ್ ಟಿಕ್ ಎಂದು ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಅಂದರೆ ಸೆಕೆಂಡಿಗೊಂದು ಎಣಿಕೆ, ಒಂದೇ ಕಾರ್ಡನ್ನು ಮೂರೂ ಕಾಲದಲ್ಲಿ ಬಾರಿಸುವುದು. ಅದು ಗಟ್ಟಿಯಾದ ಮೇಲೆ ಎರಡು ಕಾರ್ಡ್. ನಾಲ್ಕನೆಯ ಎಣಿಕೆಯನ್ನು ಬೇಕೆಂದೇ ಜೋರಾಗಿ ಬಾರಿಸುತ್ತಿದ್ದೆ, ಅದು ಪೂರ್ತಿ ಮೊಳಗಿದ ಮೇಲೆಯೇ ಬೆರಳು ಎತ್ತುವುದು ಎಂದು. ಮೊದಲ ತಿಂಗಳು ಕಾರ್ಡ್ ಬದಲಿಸುವುದು ತಡವಾಗುತ್ತಿತ್ತು. ತಡವಾಗಲಿ ಎಂದು ಬಿಟ್ಟೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಆ್ಯಪ್ ಎಂಬುದೇ ಸರಿಯಾದ ಪ್ರಶ್ನೆಯಲ್ಲ ಎಂದು ನನ್ನ ದೃಢವಾದ ಅಭಿಪ್ರಾಯ. ಪಾಠವನ್ನು ಯಾವ ಆ್ಯಪ್ ಬೇಕಾದರೂ ಹೇಳಲಿ, ನೀವು ನುಡಿಸಿದ್ದನ್ನು ನೀವೇ ಕೇಳಿಸಿಕೊಳ್ಳುವ ಅಭ್ಯಾಸ ಇಲ್ಲದಿದ್ದರೆ ಹಣ ಕೊಟ್ಟ ಆ್ಯಪ್ ಕೂಡ ನನಗೆ ಮಾಡಿದ್ದನ್ನೇ ನಿಮಗೂ ಮಾಡುತ್ತದೆ. ಪಾಠಕ್ಕೆ ಜಸ್ಟಿನ್ ಗಿಟಾರ್ ಜಾಲತಾಣ ಸಾಕು. ಜಸ್ಟಿನ್ ಸ್ಯಾಂಡರ್‌ಕೋ ಎಂಬ ಆಸ್ಟ್ರೇಲಿಯಾ ಮೂಲದ ಮೇಷ್ಟ್ರ ಆರಂಭದ ಪಾಠಗಳು ಅಲ್ಲಿ ಉಚಿತವಾಗಿವೆ. ಒಂದು ನಿಮಿಷದಲ್ಲಿ ಎರಡು ಕಾರ್ಡ್‌ಗಳ ನಡುವೆ ಎಷ್ಟು ಸಲ ಬದಲಾಯಿಸಬಹುದು ಎಂದು ಎಣಿಸುವ ಅವರ ಅಭ್ಯಾಸವನ್ನು ನಾನು ಈಗಲೂ ಮಾಡುತ್ತೇನೆ. ಎಣಿಕೆ ಹೆಚ್ಚಿಸುವ ಆಸೆಯಲ್ಲಿ ಸ್ವರ ಕೊಲ್ಲಬೇಡಿ ಅಷ್ಟೆ.

ತಂತಿಗಳ ಶ್ರುತಿ ಕೂಡಿಸಲು ಗಿಟಾರ್ ಟ್ಯೂನಾ ಆ್ಯಪ್ ಅಥವಾ ಅಂಥದ್ದೇ ಯಾವುದಾದರೂ ಇರಲಿ. ದಪ್ಪ ಇ ತಂತಿಯ ಸ್ವರ 82 ಹರ್ಟ್ಸ್‌ನಷ್ಟು ಕೆಳಗಿರುವುದರಿಂದ ಕೆಲವು ಮೊಬೈಲ್ ಮೈಕ್‌ಗಳಿಗೆ ಅದು ಸರಿಯಾಗಿ ಹಿಡಿಯುವುದಿಲ್ಲ, ಸೂಚಿ ಆಚೀಚೆ ಓಡಾಡುತ್ತದೆ. ಮೊಬೈಲನ್ನು ಗಿಟಾರಿನ ಬಾಯಿಯ ಹತ್ತಿರ ಇಡಿ, ಹನ್ನೆರಡನೆಯ ಫ್ರೆಟ್‌ನ ಸರಿ ಮೇಲೆ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿ, ಸೂಚಿ ನಿಲ್ಲುತ್ತದೆ. ಮಳೆಗಾಲದಲ್ಲಿ ಇನ್ನೊಂದನ್ನು ನೋಡಿಕೊಳ್ಳಬೇಕು. ಅದೇ ಜಾಗದಲ್ಲಿ ತಂತಿಯನ್ನು ಫ್ರೆಟ್‌ಗೆ ಒತ್ತಿ ಮೀಟಿದರೂ ಅದೇ ಸ್ವರ ಬರಬೇಕು. ಒತ್ತಿದಾಗ ಸ್ವರ ಏರಿದರೆ, ತೇವ ಕುಡಿದು ಮರ ಉಬ್ಬಿ ತಂತಿಗಳು ಮೇಲೆದ್ದಿವೆಯೇ ಎಂದು ನೋಡಿ. ಹಾಗೆ ಎದ್ದಿದ್ದರೆ, ಒತ್ತದೆ ಬಿಟ್ಟ ತಂತಿಗಳೆಲ್ಲ ಹಸಿರು ತೋರಿಸುತ್ತವೆ, ಕಾರ್ಡ್ ಹಿಡಿದರೆ ಕರ್ಕಶ. ಹಾಸನ ನಗರದಲ್ಲಿ ಇದು ಅಷ್ಟು ಕಾಡಲಿಕ್ಕಿಲ್ಲ, ಸಕಲೇಶಪುರ ದಾಟಿದರೆ ಖಂಡಿತ ಕಾಡುತ್ತದೆ. ಗಿಟಾರನ್ನು ಹೊರಗೋಡೆಗೆ ನೇತುಹಾಕಬೇಡಿ, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ನುಡಿಸಿದ ಮೇಲೆ ತಂತಿ ಒರೆಸಿ.

ಮೆಟ್ರೊನೋಮ್‌ನಲ್ಲಿ ನಡುನಡುವೆ ಸದ್ದು ನಿಲ್ಲಿಸುವ ಸೌಲಭ್ಯ ಇರುವುದನ್ನು ಹುಡುಕಿ. ಟೈಮ್ ಗುರು ಎಂಬುದರಲ್ಲಿ ಎಣಿಕೆಗಳು ಅಲ್ಲಲ್ಲಿ ಮಾಯವಾಗುವಂತೆ ಇಟ್ಟುಕೊಳ್ಳಬಹುದು. ಸದ್ದು ನಿಂತಾಗಲೂ ನೀವು ಎಣಿಸುತ್ತಲೇ ಇರಬೇಕು, ಅದು ಮರಳಿದಾಗ ನಿಮ್ಮ ಹೊಡೆತದ ಮೇಲೆಯೇ ಬೀಳಬೇಕು. ಮೊದಲ ದಿನ ನನ್ನ ಒಂದು ಹೊಡೆತವೂ ಸರಿ ಬೀಳಲಿಲ್ಲ. ಅಂದು ಕಲಿತಷ್ಟನ್ನು ಹದಿನಾಲ್ಕು ತಿಂಗಳ ಅಂಕಗಳು ಕಲಿಸಿರಲಿಲ್ಲ. ಇನ್ನು, ಬ್ಲೂಟೂತ್ ಇಯರ್‌ಫೋನ್ ಹಾಕಿ ಇದನ್ನೆಲ್ಲ ಮಾಡಬೇಡಿ. ಸದ್ದು ಕಿವಿಗೆ ತಡವಾಗಿ ತಲುಪುತ್ತದೆ. ತಂತಿಯ ಇಯರ್‌ಫೋನ್ ಸಾಕು.

ಕನ್ನಡ ಹಾಡುಗಳ ಕಾರ್ಡ್ ಹುಡುಕುತ್ತಾ ಕೂರಬೇಡಿ, ಸಿಕ್ಕಿದರೂ ಎಷ್ಟೋ ತಪ್ಪಿರುತ್ತವೆ. ಯೂಟ್ಯೂಬ್‌ನಲ್ಲಿ ಹಾಡಿನ ವೇಗವನ್ನು 0.75ಕ್ಕೆ ಇಳಿಸಿದರೆ ಶ್ರುತಿ ಇಳಿಯುವುದಿಲ್ಲ, ನಿಧಾನವಾಗಿ ಕೇಳಿ ಬೇಸ್ ಸ್ವರ ಹುಡುಕಿ. ಕಿವಿ ತೆರೆಯುವುದು ಹೀಗೆಯೇ.

ಮೇಷ್ಟ್ರು ಸಿಗುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ವಾರಕ್ಕೆ ಎರಡು ದಿನ ಸಿಗದಿರಬಹುದು. ತಿಂಗಳಿಗೊಂದು ಭಾನುವಾರ, ಒಂದು ಗಂಟೆ ಸಾಕು, ಚರ್ಚ್‌ನಲ್ಲೋ ಆರ್ಕೆಸ್ಟ್ರಾದಲ್ಲೋ ನುಡಿಸುವ ಯಾರಾದರೂ ಆದೀತು. ಮೈಕ್ ಸ್ವರವನ್ನಷ್ಟೇ ಕೇಳುತ್ತದೆ, ನಿಮ್ಮ ಮಣಿಕಟ್ಟು ಎಷ್ಟು ಬಾಗಿದೆ, ಹೆಬ್ಬೆರಳು ಗಿಟಾರಿನ ಕತ್ತನ್ನು ಎಷ್ಟು ಹಿಂಡುತ್ತಿದೆ ಎಂದು ಅದಕ್ಕೆ ಕಾಣುವುದಿಲ್ಲ. ಚಂದಾ ಹಣವನ್ನು ಆ ಭಾನುವಾರಗಳಿಗೆ ಕೊಡಿ. ಮಣಿಕಟ್ಟು ನೋಯುತ್ತಿದ್ದರೆ ಅಷ್ಟು ದಿನವೂ ಕಾಯಬೇಡಿ, ನುಡಿಸುವುದನ್ನು ನಿಲ್ಲಿಸಿ ತೋರಿಸಿ.

ಕಳೆದ ಗೌರಿ ಹಬ್ಬಕ್ಕೆ ಹಾಸನಕ್ಕೆ ಹೋದಾಗ ಗಿಟಾರ್ ಒಯ್ದಿದ್ದೆ. ಮೊಬೈಲನ್ನು ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಬಿಟ್ಟು ಬಂದು ದೊಡ್ಡಮ್ಮನ ಎದುರು ಕುಳಿತೆ. ಎರಡನೆಯ ಚರಣದಲ್ಲಿ ಅವರು ಕೊನೆಯ ಅಕ್ಷರವನ್ನು ಎಳೆದು ನಿಂತರು. ಅವರ ಕೈ ತೊಡೆಗೆ ಬೀಳುವವರೆಗೆ ನಾನು ಜಿ ಕಾರ್ಡ್ ಬಿಡದೆ ಹಿಡಿದಿದ್ದೆ.

ನಿಮ್ಮ ಮನೆಯಲ್ಲಿ ಹಾಡುವವರು ಯಾರಾದರೂ ಇದ್ದಾರೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಅವರ ಶ್ರುತಿ ಎಷ್ಟು ಮನೆ ಎಂದು ಕೇಳಿ ತಿಳಿಸಿ, ನಿಮಗೆ ಬರುವ ನಾಲ್ಕು ಕಾರ್ಡ್‌ಗಳಿಗೆ ಕೇಪೊ ಎಲ್ಲಿ ಕಟ್ಟಬೇಕು ಎಂದು ಬರೆಯುತ್ತೇನೆ.